ಹುಲಿಯ ಕಡತ, ಗಗನಯಾತ್ರಿಯ ಕಡತ

ಸರ್ಕಾರದ ಯೋಜನೆ ಬದುಕಿದೆಯೋ ಸತ್ತಿದೆಯೋ ತಿಳಿಯಬೇಕಾದರೆ ಮಂತ್ರಿಗಳ ಭಾಷಣ ಕೇಳಬೇಡ, ಲೆಕ್ಕ ಶೀರ್ಷಿಕೆ ನೋಡು ಎಂದು ನನಗೆ ಹೇಳಿಕೊಟ್ಟವರು ನಮ್ಮ ಹೆಡ್ ಕ್ಲರ್ಕು. ಆಗ ನಾನು ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಗುಮಾಸ್ತ. ಹುಟ್ಟಿದ್ದು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿರುವ ಹಂಗಳದ ಹತ್ತಿರ, ಕೆಲಸ ಸಿಕ್ಕಿದ್ದು ಬಂಡೀಪುರದ ಕಚೇರಿಯಲ್ಲಿ. ಬೆಂಕಿ ರೇಖೆ ಸವರಿದ ಕೂಲಿ, ಕೆರೆಯ ಹೂಳು ತೆಗೆಸಿದ ಬಿಲ್ಲು, ವಾಚರುಗಳ ಸಂಬಳ, ಜೀಪಿನ ಡೀಸೆಲ್ಲು, ಹೀಗೆ ಪ್ರತಿ ವೋಚರಿನ ತಲೆಯ ಮೇಲೂ ಒಂದು ಸಂಖ್ಯೆ ಬರೆಯಬೇಕು. ಅದಿದ್ದರೆ ಖರ್ಚು ಖರ್ಚಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಆಡಿಟ್‌ನವರು ಬಂದು ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ಹೋಗುತ್ತಾರೆ. ಹುಲಿಗೆ ಆ ಸಂಖ್ಯೆ ಇತ್ತು. ಮನುಷ್ಯನನ್ನು ಆಕಾಶಕ್ಕೆ ಕಳಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ಬಹಳ ಕಾಲ ಇರಲಿಲ್ಲ. ಹುಲಿ ಯೋಜನೆಯನ್ನು ಶುರುಮಾಡಿದ ಪ್ರಧಾನಿಯ ಕಾಲದಲ್ಲೇ ಭಾರತದ ಮೊದಲ ಗಗನಯಾತ್ರಿಯೂ ಮೇಲಕ್ಕೆ ಹೋಗಿ ಬಂದ. ಒಂದು ಕಡತ ಐವತ್ತು ವರ್ಷ ದಾಟಿ ನಡೆಯಿತು, ಇನ್ನೊಂದು ವರ್ಷದೊಳಗೆ ಬೀರು ಸೇರಿತು. ಹೀಗೇಕಾಯಿತು ಎಂಬುದನ್ನು ನಿವೃತ್ತಿಯಾದ ಮೇಲೆ ಕೂತು ಯೋಚಿಸಿದ್ದೇನೆ.

ಬಂಡೀಪುರ ಮೊದಲಿನಿಂದಲೂ ಆಳುವವರ ಮನಸ್ಸು ಕಾಯುತ್ತಿದ್ದ ಕಾಡು. ಮೈಸೂರು ಒಡೆಯರ ಬೇಟೆಯ ಜಾಗ ಅದು. ಅರಮನೆಯವರು ಬಿಡಾರ ಹೂಡಿದರೆಂದರೆ ಸುತ್ತಲ ಹಳ್ಳಿಗಳಿಂದ ಗಂಡಾಳುಗಳನ್ನು ಕಾಡು ಸೋವಲು ಕರೆದೊಯ್ಯುತ್ತಿದ್ದರಂತೆ. ನನ್ನ ತಾತನೂ ತಮಟೆ ಬಡಿಯುತ್ತ ಪೊದೆ ನುಗ್ಗಿದವನೇ. "ದೊರೆಗೋಳು ಹೊಡುದ್ರೆ ಸಿಕಾರಿ, ನಮ್ಗೆ ಎದ್ರಾದ್ರೆ ಸಾವು ಕಣಪ್ಪ" ಎನ್ನುತ್ತಿದ್ದ. 1931ರಲ್ಲಿ ಅದೇ ಕಾಡಿನ 90 ಚದರ ಕಿಲೋಮೀಟರನ್ನು ವನ್ಯಜೀವಿಧಾಮ ಮಾಡಿದರು. ಹತ್ತು ವರ್ಷ ಕಳೆದ ಮೇಲೆ ಅದನ್ನು ಹಿಗ್ಗಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರನ್ನು ನೆನೆದು, ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟರು. ಕೊಲ್ಲುವುದೂ ರಾಜರ ಇಷ್ಟ, ಕಾಯುವುದೂ ರಾಜರ ಇಷ್ಟ.

ಇಂದಿರಾ ಗಾಂಧಿಯವರ ಆಸಕ್ತಿಯೂ ಮೊದಲಿಗೆ ಅಂಥದ್ದೇ, ಸ್ವಂತದ್ದು. 1969ರ ಕೊನೆಗೆ ದೆಹಲಿಯಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ನಡೆದು, ಹುಲಿ ಅಳಿಯುತ್ತಿದೆ ಎಂಬ ಮಾತು ಜೋರಾಗಿ ಬಂತು. ಹುಲಿ ಬೇಟೆ ನಿಷೇಧವಾಯಿತು. ಕರಣ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆ ಕೂತಿತು. 1972ರ ಗಣತಿಯಲ್ಲಿ ದೇಶಕ್ಕೆಲ್ಲ ಸಿಕ್ಕಿದ್ದು 1,827 ಹುಲಿ, ಅದೂ ಹೆಜ್ಜೆ ಗುರುತಿನ ಲೆಕ್ಕ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಾಸಾಯಿತು. 1973ರ ಏಪ್ರಿಲ್ 1ರಂದು ಒಂಬತ್ತು ಕಾಡುಗಳಲ್ಲಿ ಹುಲಿ ಯೋಜನೆ ಶುರು. ಆ ಒಂಬತ್ತರಲ್ಲಿ ದಕ್ಷಿಣ ಭಾರತಕ್ಕೆ ಸಿಕ್ಕಿದ್ದು ಬಂಡೀಪುರ ಒಂದೇ. ಏಪ್ರಿಲ್ 1 ಎಂದರೆ ಜನ ಮೂರ್ಖರ ದಿನ ಎಂದು ನಗುತ್ತಾರೆ. ಗುಮಾಸ್ತರಿಗೆ ಅದು ಹೊಸ ಆರ್ಥಿಕ ವರ್ಷದ ಮೊದಲ ದಿನ, ಹೊಸ ಅನುದಾನ ಬಿಡುಗಡೆಯಾಗುವ ದಿನ. ಯಾರೋ ಲೆಕ್ಕ ಬಲ್ಲವರು ಕೂತು ಗೊತ್ತುಮಾಡಿದ ದಿನಾಂಕ ಎಂದು ನನಗೆ ಯಾವತ್ತೂ ಅನ್ನಿಸಿದೆ.

ಆ 1972ರಲ್ಲೇ ಇನ್ನೊಂದು ಕೆಲಸವೂ ಆಯಿತು. ಜೂನ್ ತಿಂಗಳಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಹುಟ್ಟಿದವು. ಸತೀಶ್ ಧವನ್ ಅವರು ಇಸ್ರೊ ಚುಕ್ಕಾಣಿ ಹಿಡಿದರು, ಮುಖ್ಯ ಕಚೇರಿ ಬೆಂಗಳೂರಿಗೆ ಬಂತು. ಉಡುಪಿಯ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿತು, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲೆ ಬಿಟ್ಟಿತು. ಹೀಗೆ ಉಪಗ್ರಹಕ್ಕೆ ಇಲಾಖೆ ಸಿಕ್ಕಿತು, ಹುದ್ದೆ ಸಿಕ್ಕಿತು, ಹಣದ ಸಾಲು ಸಿಕ್ಕಿತು. ಮನುಷ್ಯನಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಅದು ಮರೆತು ಬಿಟ್ಟಿದ್ದಲ್ಲ. ಮುಂದುವರಿದ ದೇಶಗಳ ಜೊತೆ ಮನುಷ್ಯಯಾನದಲ್ಲಿ ಪೈಪೋಟಿ ಮಾಡುವ ಹುಚ್ಚು ನಮಗಿಲ್ಲ, ಬಾಹ್ಯಾಕಾಶ ಬೇಕಿರುವುದು ಹವಾಮಾನಕ್ಕೆ, ದೂರಸಂಪರ್ಕಕ್ಕೆ, ಶಿಕ್ಷಣಕ್ಕೆ ಎಂದು ವಿಕ್ರಂ ಸಾರಾಭಾಯಿ ಬದುಕಿದ್ದಾಗಲೇ ಹೇಳಿದ್ದರು. ಬಡ ದೇಶದ ವಿಜ್ಞಾನಿ ಆಡಬೇಕಾದ ಮಾತನ್ನೇ ಆಡಿದ್ದರು.

ಹುಲಿಯ ಕಡತಕ್ಕೆ ನಿಜವಾದ ಪರೀಕ್ಷೆ ಬಂದದ್ದು 1977ರಲ್ಲಿ. ಇಂದಿರಾ ಸೋತರು, ಜನತಾ ಸರ್ಕಾರ ಬಂತು. ತುರ್ತು ಪರಿಸ್ಥಿತಿಯಲ್ಲಿ ಅವರು ಮಾಡಿದ್ದನ್ನೆಲ್ಲ ಬಿಚ್ಚಿಹಾಕುವ ಉಮೇದಿನಲ್ಲಿದ್ದ ಸರ್ಕಾರ ಅದು. ಹೆಡ್ ಕ್ಲರ್ಕು ಆ ವರ್ಷವನ್ನು ನೆನೆದು ಹೇಳುತ್ತಿದ್ದರು: "ಇನ್ನು ಹುಲಿ ಆಫೀಸು ಮುಚ್ಚಿದಂಗೇಯ ಅಂದ್ಕಂಡಿದ್ದೊ. ಏಪ್ರಿಲ್‌ಗೆ ದುಡ್ಡು ಬಂತು ನೋಡಪ್ಪ, ಅವತ್ತು ನಂಬ್ಕೆ ಬಂತು." ಮೊರಾರ್ಜಿ ದೇಸಾಯಿ ಸರ್ಕಾರಕ್ಕೆ ಇಂದಿರಾ ಮೇಲೆ ಎಷ್ಟೇ ಸಿಟ್ಟಿರಲಿ, ಸಂಸತ್ತು ಪಾಸು ಮಾಡಿದ ಕಾಯ್ದೆಯಿತ್ತು, ರಾಜ್ಯಗಳು ತುಂಬಿಕೊಂಡ ಹುದ್ದೆಗಳಿದ್ದವು, ಸಂಬಳಕ್ಕೆ ಕಾಯುವ ಗಾರ್ಡು ವಾಚರುಗಳಿದ್ದರು. ಒಂದು ವರ್ಷ ಕಳೆದು ಇಂದಿರಾ ಅವರೇ ನಮ್ಮ ಚಿಕ್ಕಮಗಳೂರಿಂದ ಗೆದ್ದು ಲೋಕಸಭೆಗೆ ಮರಳಿದರು. ಅಷ್ಟರಲ್ಲಿ ಹುಲಿಗೆ ಅವರ ಅಗತ್ಯ ಮೊದಲಿನಷ್ಟು ಉಳಿದಿರಲಿಲ್ಲ.

ಇನ್ನು ಎರಡನೆಯ ಕಡತ. ಸೋವಿಯತ್ ಒಕ್ಕೂಟ ಇಂಟರ್‌ಕಾಸ್ಮಾಸ್ ಎಂಬ ಹೆಸರಲ್ಲಿ ತನ್ನ ಸ್ನೇಹದ ದೇಶಗಳಿಂದ ಒಬ್ಬೊಬ್ಬರನ್ನು ಮೇಲಕ್ಕೆ ಒಯ್ಯುತ್ತಿತ್ತು. 1978ರಲ್ಲಿ ಜೆಕೊಸ್ಲೊವಾಕಿಯಾದವನೊಬ್ಬ ಹೋದ. ಆಮೇಲೆ ಪೋಲೆಂಡ್, ಕ್ಯೂಬಾ, ವಿಯೆಟ್ನಾಂ, ಮಂಗೋಲಿಯಾ. ಅದು ವಿಜ್ಞಾನಕ್ಕಿಂತ ಹೆಚ್ಚಾಗಿ ನೆಂಟಸ್ತಿಕೆಯ ವ್ಯವಹಾರ. ಭಾರತದ ಸರದಿಗೆ ವಾಯುಪಡೆಯ ಪೈಲಟ್‌ಗಳನ್ನು ಆರಿಸಿದರು, ಅವರ ಮೈ ತಪಾಸಣೆ ನಡೆದದ್ದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಕೊನೆಗೆ ಉಳಿದವರು ರಾಕೇಶ್ ಶರ್ಮಾ, ರವೀಶ್ ಮಲ್ಹೋತ್ರಾ. 1984ರ ಏಪ್ರಿಲ್ 3ರಂದು ಶರ್ಮಾ ಬೈಕನೂರಿನಿಂದ ಸೋಯುಜ್ ಟಿ-11ರಲ್ಲಿ ಹೊರಟು ಸಲ್ಯೂತ್-7 ನಿಲ್ದಾಣ ಸೇರಿದರು.

ಮೈಸೂರಿಗೂ ಅದರಲ್ಲಿ ಪಾಲಿತ್ತು. ಗುಂಡ್ಲುಪೇಟೆ, ಚಾಮರಾಜನಗರ ಆಗ ಮೈಸೂರು ಜಿಲ್ಲೆಯ ತಾಲ್ಲೂಕುಗಳು, ನಮಗೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಸಿದ್ಧಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸಿಯಾಚಿನ್‌ನಂಥ ಜಾಗದ ಸೈನಿಕರಿಗೆ ಕೆಡದ ಊಟ ಕಟ್ಟಿಕೊಡುವ ಸಂಸ್ಥೆ. ಶರ್ಮಾ ಅವರಿಗೆ ರವೆಯ ಸಿಹಿ, ಆಲೂ ಛೋಲೆ, ತರಕಾರಿ ಪಲಾವು, ಮಾವಿನ ಹಣ್ಣಿನ ಬಾರು ಮಾಡಿಕೊಟ್ಟವರು ಅವರೇ. ಮೈಸೂರಿನಲ್ಲಿ ಓದುತ್ತಿದ್ದ ಹುಡುಗರು ಊರಿಗೆ ಬಂದಾಗ ಇದನ್ನೇ ದೊಡ್ಡ ಸುದ್ದಿ ಮಾಡಿದರು: ಆಕಾಶದಲ್ಲಿ ಮೈಸೂರಿನ ಕೇಸರಿಬಾತು! ಅದು ಕೇಸರಿಬಾತೋ ಸೂಜಿ ಹಲ್ವಾವೋ ಎಂದು ಹೋಟೆಲಿನಲ್ಲಿ ವಾದವೂ ನಡೆಯಿತು.

ಭೂಮಿಯ ಮೇಲಿಂದ ಪ್ರಧಾನಿ ಮಾತಾಡಿಸಿದ್ದನ್ನು ನಾವು ಕೇಳಿದ್ದು ರೇಡಿಯೊದಲ್ಲಿ. ಮೇಲಿಂದ ಭಾರತ ಹೇಗೆ ಕಾಣುತ್ತದೆ ಎಂದು ಇಂದಿರಾ ಕೇಳಿದರು, ಶರ್ಮಾ ಇಕ್ಬಾಲರ ಹಾಡಿನ ಮೊದಲ ಸಾಲಿನಲ್ಲೇ ಉತ್ತರ ಕೊಟ್ಟರು. ಕಚೇರಿಯಲ್ಲಿ ಎಲ್ಲರಿಗೂ ರೋಮಾಂಚನ. ಹೆಡ್ ಕ್ಲರ್ಕು ಮಾತ್ರ ಕನ್ನಡಕ ಸರಿಮಾಡಿಕೊಂಡು, "ಇದು ಯಾವ ಇಲಾಖೆ ಖರ್ಚು?" ಎಂದರು. ನಾವು ನಕ್ಕೆವು. ಪ್ರಶ್ನೆ ಮಾತ್ರ ಸರಿಯಾದದ್ದು. ಹಾರಿದವರು ವಾಯುಪಡೆಯವರು, ಹಾರಿಸಿದವರು ರಷ್ಯನ್ನರು. ಇಸ್ರೊ ಪಾಲಿಗೆ ಬಂದದ್ದು ಟೆರ್ರಾ ಎಂಬ ಪ್ರಯೋಗ, ಅಂದರೆ ನಿಲ್ದಾಣದ ಕ್ಯಾಮೆರಾಗಳಿಂದ ಭಾರತದ ನೆಲ, ಕಾಡು, ಕರಾವಳಿಯ ಫೋಟೊ ತೆಗೆಸುವುದು. ಶರ್ಮಾ ಇಳಿದ ಮರುದಿನ ಮುಂದಿನ ಯಾತ್ರಿಯನ್ನು ಸಿದ್ಧಮಾಡಲು ದೇಶದಲ್ಲಿ ಒಂದು ಕುರ್ಚಿಯೂ ಇರಲಿಲ್ಲ, ಕುರ್ಚಿಯ ಮೇಲೆ ಕೂರುವ ಒಬ್ಬ ಅಧಿಕಾರಿಯೂ ಇರಲಿಲ್ಲ. ಏಳು ದಿನ ಇಪ್ಪತ್ತೊಂದು ಗಂಟೆ ಮೇಲಿದ್ದು ಏಪ್ರಿಲ್ 11ಕ್ಕೆ ಅವರು ಇಳಿದರು. ಅಕ್ಟೋಬರ್ 31ಕ್ಕೆ ಇಂದಿರಾ ಅವರ ಹತ್ಯೆಯಾಯಿತು.

ಇಲ್ಲಿ ಕನ್ನಡಿಗರು ಹೆಚ್ಚು ಕೇಳಿರದ ಒಂದು ಪ್ರಸಂಗವಿದೆ. ನನಗೆ ಈ ಇಡೀ ಇತಿಹಾಸದಲ್ಲಿ ಇದರಷ್ಟು ನೋಯಿಸುವ ಭಾಗ ಇನ್ನೊಂದಿಲ್ಲ. ಆಗ ನಮ್ಮ ಇನ್ಸಾಟ್ ಉಪಗ್ರಹಗಳನ್ನು ಬಿಡುತ್ತಿದ್ದುದು ಅಮೆರಿಕ. ಇನ್ಸಾಟ್-1ಬಿಯನ್ನು 1983ರ ಆಗಸ್ಟ್ ಕೊನೆಗೆ ಮೇಲಕ್ಕೆ ಒಯ್ದದ್ದು ಚಾಲೆಂಜರ್ ಎಂಬ ಶಟಲ್. ಗುಂಡ್ಲುಪೇಟೆಯ ಮಾಳಿಗೆಗಳ ಮೇಲೆ ಉದ್ದ ಕಂಬ ನೆಟ್ಟು ಆಂಟೆನಾ ಕಟ್ಟಿ, ಭಾನುವಾರ ಬೆಳಗ್ಗೆ ರಾಮಾಯಣ ನೋಡಿದೆವಲ್ಲ, ಅದು ದೂರದರ್ಶನದ ಕಂಬಗಳಿಗೆ ತಲುಪುತ್ತಿದ್ದುದು ಆ ಉಪಗ್ರಹದ ಮೂಲಕ. ಶಟಲ್‌ನಲ್ಲಿ ಉಪಗ್ರಹ ಕಳಿಸುವ ಗಿರಾಕಿ ತನ್ನ ಕಡೆಯ ಒಬ್ಬ ತಜ್ಞನನ್ನೂ ಜೊತೆಗೆ ಕಳಿಸಬಹುದು ಎಂದು ನಾಸಾ ಅವಕಾಶ ಕೊಟ್ಟಿತ್ತು. ಹಾಗಾಗಿ ಇನ್ಸಾಟ್-1ಸಿ ಜೊತೆ ಹೋಗಲು ಇಸ್ರೊ 1985ರಲ್ಲಿ ತನ್ನವರೇ ಇಬ್ಬರನ್ನು ಆರಿಸಿತು. ಒಬ್ಬರು ತಿರುವನಂತಪುರದ ಪಿ. ರಾಧಾಕೃಷ್ಣನ್. ಇನ್ನೊಬ್ಬರು ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿದ್ದ, ಶಿರಸಿ ಮೂಲದ ನಾಗಪತಿ ಚಿದಂಬರ ಭಟ್. ಯಾನ ಗೊತ್ತಾಗಿದ್ದುದು 1986ರ ಸೆಪ್ಟೆಂಬರಿಗೆ.

1986ರ ಜನವರಿ 28ರಂದು ಅದೇ ಚಾಲೆಂಜರ್ ಏರಿದ 73 ಸೆಕೆಂಡಿಗೆ ಒಡೆದು ಏಳು ಮಂದಿ ಸತ್ತರು. ಶಟಲ್‌ಗಳು ನಿಂತವು. ಬರೀ ನಿಂತದ್ದಷ್ಟೇ ಆಗಿದ್ದರೆ, ಮತ್ತೆ ಶುರುವಾದಾಗ ಭಟ್ಟರ ಸರದಿಯೂ ಬರಬಹುದಿತ್ತೇನೋ. ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ರೇಗನ್ ಇನ್ನು ಶಟಲ್ ವಾಣಿಜ್ಯ ಉಪಗ್ರಹಗಳನ್ನು ಒಯ್ಯುವುದಿಲ್ಲ ಎಂದು ಘೋಷಿಸಿದರು. ಗಿರಾಕಿಯ ಉಪಗ್ರಹವೇ ಇಲ್ಲವೆಂದ ಮೇಲೆ ಗಿರಾಕಿಯ ಮನುಷ್ಯ ಎಲ್ಲಿ? ಇನ್ಸಾಟ್-1ಸಿಯನ್ನು 1988ರ ಜುಲೈಯಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ ಏರಿಸಿತು, ಮನುಷ್ಯರಿಲ್ಲದೆ. ಶಿರಸಿಯವರೊಬ್ಬರಿಗೆ ಆಕಾಶದ ಬಾಗಿಲು ತೆರೆದದ್ದೂ ಮುಚ್ಚಿದ್ದೂ ವಾಷಿಂಗ್ಟನ್ನಿನಲ್ಲಿ. ನಮ್ಮ ದೇಶದ ಒಂದು ಕಾಗದದಲ್ಲೂ ಅದನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಅವರ ಹೆಸರು ಶಾಲೆಯ ಪಠ್ಯದಲ್ಲಿ ನಾನು ಕಂಡಿಲ್ಲ. ರಾಕೇಶ್ ಶರ್ಮಾ ಹೆಸರು ಹೇಳುವ ನಮ್ಮ ಮಕ್ಕಳಿಗೆ ಭಟ್ಟರ ಹೆಸರೂ ಗೊತ್ತಿರಬೇಕಿತ್ತು.

ಅಮೆರಿಕದವರ ಮನೆಯಲ್ಲೇ ಎಲ್ಲ ನೆಟ್ಟಗಿತ್ತೆಂದಲ್ಲ. ನಮ್ಮಲ್ಲಿ ಹೊಸ ರೇಂಜ್ ಆಫೀಸರು ವರ್ಗವಾಗಿ ಬಂದರೆ ಹಳಬರು ನೆಡಿಸಿದ ಸಸಿಗೆ ನೀರು ನಿಲ್ಲಿಸಿ ಬೇರೆ ಜಾಗದಲ್ಲಿ ಗುಂಡಿ ತೋಡಿಸುವುದುಂಟು. ಅಲ್ಲಿನ ಅಧ್ಯಕ್ಷರ ಪಟ್ಟಿ ಓದುತ್ತಿದ್ದರೆ ನನಗೆ ಅದೇ ನೆನಪಾಗುತ್ತದೆ. 1961ರ ಮೇ 25ರಂದು ಕೆನಡಿ ಚಂದ್ರನ ಮಾತೆತ್ತಿದರು. ಮನುಷ್ಯ ಚಂದ್ರನ ಮೇಲಿಳಿದ ಮರುವರ್ಷವೇ, ನಿಕ್ಸನ್ ಕಾಲದಲ್ಲಿ, ಅಪೊಲೊದ ಕೊನೆಯ ಮೂರು ಯಾನ ರದ್ದಾದವು. 1972ರಲ್ಲಿ ನಿಕ್ಸನ್ ಶಟಲ್‌ಗೆ ಒಪ್ಪಿಗೆ ಕೊಟ್ಟರು. 1984ರಲ್ಲಿ ರೇಗನ್ ನಿಲ್ದಾಣ ಕಟ್ಟಿ ಎಂದರು. 1989ರಲ್ಲಿ ಹಿರಿಯ ಬುಷ್ ಚಂದ್ರನಿಗೂ ಮಂಗಳಕ್ಕೂ ಹೋಗೋಣ ಎಂದರೆ ಕಾಂಗ್ರೆಸ್ ಎಂಬ ಅಲ್ಲಿನ ಸಂಸತ್ತು ಹಣವನ್ನೇ ಕೊಡಲಿಲ್ಲ. 2004ರಲ್ಲಿ ಕಿರಿಯ ಬುಷ್ ಮತ್ತೆ ಚಂದ್ರ ಎಂದರು, 2010ರಲ್ಲಿ ಒಬಾಮಾ ಅದನ್ನು ಕೈಬಿಟ್ಟರು, 2017ರ ಡಿಸೆಂಬರಿನಲ್ಲಿ ಟ್ರಂಪ್ ಮತ್ತೆ ಚಂದ್ರ ಎಂದು ಸಹಿ ಹಾಕಿದರು.

ಈ ಹೋಗು ಬಾರು ಓದುವಾಗ ಎರಡು ಕಡೆ ನನ್ನ ಬೆರಳು ನಿಂತಿತು. 1993ರ ಜೂನಿನಲ್ಲಿ ನಿಲ್ದಾಣದ ಹಣ ನಿಲ್ಲಿಸಬೇಕೆಂಬ ಪ್ರಸ್ತಾವ ಅಲ್ಲಿನ ಕೆಳಮನೆಯಲ್ಲಿ ಮತಕ್ಕೆ ಬಂತು. ನಿಲ್ದಾಣ ಉಳಿದದ್ದು 216ಕ್ಕೆ 215, ಒಂದೇ ಒಂದು ಮತದಲ್ಲಿ. ಆಮೇಲೆ ಅದಕ್ಕೆ ರಷ್ಯನ್ನರು ಸೇರಿ, ಯುರೋಪು ಜಪಾನು ಕೆನಡಾಗಳ ಒಪ್ಪಂದಗಳು ಗಟ್ಟಿಯಾಗಿ, ಮುಂದೆ ಬಂದ ಯಾವ ಅಧ್ಯಕ್ಷರಿಗೂ ಅದನ್ನು ಕೀಳುವುದು ಸುಲಭವಾಗಲಿಲ್ಲ. ಇನ್ನೊಂದು 2010ರದು. ಒಬಾಮಾ ಚಂದ್ರಯಾನ ಬಿಟ್ಟರೂ ಕಾಂಗ್ರೆಸ್ ಕಾಯ್ದೆ ಮಾಡಿ ದೊಡ್ಡ ರಾಕೆಟ್ ಕಟ್ಟಲೇಬೇಕೆಂದಿತು. ಅಲಬಾಮಾ, ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಆ ರಾಕೆಟ್ಟನ್ನೇ ನಂಬಿದ ಸಾವಿರಾರು ಕೆಲಸಗಳಿದ್ದವು, ಆ ರಾಜ್ಯಗಳ ಸೆನೆಟರುಗಳು ಬಿಡಲಿಲ್ಲ. ಟ್ರಂಪ್ ಹೋಗಿ ಬೈಡನ್ ಬಂದಾಗ ಚಂದ್ರನ ಯೋಜನೆ ಬದಲಾಗದೆ ಉಳಿದದ್ದಕ್ಕೆ ಇದೂ ಕಾರಣ. ಇದನ್ನು ಅಲ್ಲಿನ ಪತ್ರಿಕೆಗಳು ಹಣ ದಂಡ ಎಂದು ಬೈಯುತ್ತವೆ, ಬೈಗುಳದಲ್ಲಿ ನಿಜವೂ ಇದೆ. ನನ್ನಂಥವನಿಗೆ ಮಾತ್ರ ಅದು ಹುಲಿ ಯೋಜನೆಯ ವಾಚರುಗಳ ಸಂಬಳದ ಕಥೆಯೇ.

ಆಳುವವರ ಕುರ್ಚಿ ಬದಲಾಗುವ ಮಾತು ಬಂದ ಮೇಲೆ ನಮ್ಮ ಜಿಲ್ಲೆಯ ಮೂಢನಂಬಿಕೆ ಹೇಳದಿದ್ದರೆ ಹೇಗೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂದು ಎಷ್ಟು ಮಂದಿ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದ ಕಡೆ ತಲೆಹಾಕಲಿಲ್ಲ! ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, 2013ರಿಂದ 2018ರವರೆಗೆ ಐದು ವರ್ಷ ಪೂರೈಸಿ ಹೋದರು. ಮುಖ್ಯಮಂತ್ರಿಗಳು ಬಾರದಿದ್ದ ವರ್ಷಗಳಲ್ಲೂ ಬಂಡೀಪುರದ ಅನುದಾನ ಬಂದೇ ಬರುತ್ತಿತ್ತು, ಒಮ್ಮೆ ಮಾಡುವ ಖರ್ಚಿಗೆ ಕೇಂದ್ರದ ಪೂರ್ತಿ ಹಣ, ವರ್ಷವರ್ಷದ ಖರ್ಚಿಗೆ ಅರ್ಧ. ನಮ್ಮ ರಾತ್ರಿ ಸಂಚಾರ ನಿಷೇಧವನ್ನೇ ನೋಡಿ. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬೇಡ ಎಂದು ಜಿಲ್ಲಾಧಿಕಾರಿ 2009ರಲ್ಲಿ ಆದೇಶ ಹೊರಡಿಸಿದರು, ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳದಿಂದ ಎಷ್ಟು ಒತ್ತಡ, ಎಷ್ಟು ನಿಯೋಗ, ಎಷ್ಟು ಸತ್ಯಾಗ್ರಹ. ಬೆಂಗಳೂರಿನಲ್ಲಿ ಸರ್ಕಾರಗಳು ಬಂದವು ಹೋದವು. ಮದ್ದೂರು ಚೆಕ್‌ಪೋಸ್ಟಿನ ಗೇಟು ರಾತ್ರಿ ಬೀಳುವುದು ನಿಲ್ಲಲಿಲ್ಲ.

ಇಷ್ಟೆಂದ ಮಾತ್ರಕ್ಕೆ ಕಾಗದದ ಮೇಲೆ ಬಂದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಹುಲಿಯ ಕಡತ ಗಟ್ಟಿಯಾದಷ್ಟೂ ಕಾಡೊಳಗಿದ್ದ ಜೇನುಕುರುಬರ, ಬೆಟ್ಟಕುರುಬರ, ಸೋಲಿಗರ ಹಾಡಿಗಳು ಅಂಚಿಗೆ ಬಂದವು. ಜೇನು, ಗೆಡ್ಡೆ, ಮೇವಿನ ದಾರಿ ಒಂದೊಂದಾಗಿ ಮುಚ್ಚಿದವು. ಅವರ ಮಕ್ಕಳೇ ಇಂದು ದಿನಗೂಲಿಯ ವಾಚರುಗಳಾಗಿ ಅದೇ ಕಾಡು ಕಾಯುತ್ತಾರೆ. ನಾನೇ ಟೈಪು ಮಾಡಿದ ಕಾಗದಗಳಿವೆ ಅದರಲ್ಲಿ. ಕಾಗದ ಇದ್ದ ಮಾತ್ರಕ್ಕೆ ಹುಲಿ ಇರುತ್ತದೆಂದೂ ಅಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಚೇರಿ ಇತ್ತು, ಅನುದಾನ ಇತ್ತು, ಗಣತಿಯ ಪುಸ್ತಕದಲ್ಲಿ ಹುಲಿಗಳೂ ಇದ್ದವು. 2004ರ ಕೊನೆಯ ಹೊತ್ತಿಗೆ ನೋಡಿದರೆ ಕಾಡಲ್ಲಿ ಒಂದೂ ಇಲ್ಲ! ಆ ಅವಮಾನದಿಂದಲೇ ಕಾರ್ಯಪಡೆ ಕೂತು, ಕಾಯ್ದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ಹೆಜ್ಜೆ ಗುರುತಿನ ಲೆಕ್ಕ ಹೋಗಿ ಕ್ಯಾಮೆರಾ ಲೆಕ್ಕ ಬಂತು. 2022ರ ಗಣತಿಯಲ್ಲಿ ಬಂಡೀಪುರದ ಒಳಗೆ 150 ಹುಲಿ. ತಪ್ಪನ್ನು ತಿದ್ದಿಕೊಳ್ಳಲು ಒಂದು ಸಂಸ್ಥೆ ಇತ್ತು ಎಂಬುದಷ್ಟೇ ನನ್ನ ವಾದ.

ಗಗನಯಾತ್ರಿಯ ಕಡೆ ಸಂಸ್ಥೆಯೂ ಇರಲಿಲ್ಲ, ತಪ್ಪು ಮಾಡಲು ಅವಕಾಶವೂ ಇರಲಿಲ್ಲ. ರಾಕೇಶ್ ಶರ್ಮಾ ಎಚ್‌ಎಎಲ್‌ನಲ್ಲಿ ವಿಮಾನಗಳ ಪರೀಕ್ಷಾ ಪೈಲಟ್ ಆಗಿ, ನಿವೃತ್ತರಾಗಿ, ನೀಲಗಿರಿಯ ಕುನ್ನೂರಿನಲ್ಲಿ ನೆಲೆಸಿದರು. ಬೆಂಗಳೂರು ಕಡೆಯಿಂದ ಕುನ್ನೂರಿಗೆ ಹೋಗುವ ದಾರಿಗಳಲ್ಲಿ ಒಂದು ನಮ್ಮ ಗುಂಡ್ಲುಪೇಟೆಯ ಮೇಲೆ, ಬಂಡೀಪುರದ ಒಳಗೆ. ಅವರ ಕಾರು ಮೇಲುಕಾಮನಹಳ್ಳಿಯ ಗೇಟು ದಾಟಿದ್ದರೂ ನಮ್ಮ ಗಾರ್ಡು ಪ್ಲಾಸ್ಟಿಕ್ ಇದೆಯಾ ಎಂದು ಡಿಕ್ಕಿ ತೆಗೆಸಿ ನೋಡಿ ಬಿಟ್ಟಿರುತ್ತಾನೆ, ಅಷ್ಟೆ. ದೇಶದಿಂದ ಆಕಾಶಕ್ಕೆ ಹೋಗಿ ಬಂದ ಏಕೈಕ ವ್ಯಕ್ತಿ ಎಂಬ ಬಿರುದು ಅವರ ಮೇಲೆ ನಲವತ್ತೊಂದು ವರ್ಷ ಕೂತಿತ್ತು. ಬಿರುದು ಅಷ್ಟು ಕಾಲ ಬದಲಾಗದೆ ಉಳಿಯುವುದು ದೇಶಕ್ಕೆ ಹೆಮ್ಮೆಯ ಸಂಗತಿಯೇನಲ್ಲ.

ಕಡತ ಮತ್ತೆ ತೆರೆದದ್ದು ನಿಧಾನವಾಗಿ. 2006ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸೇರಿದ ವಿಜ್ಞಾನಿಗಳು ಮನುಷ್ಯಯಾನ ನಮ್ಮಿಂದಲೇ ಆಗಲಿ ಎಂದರು. ಕೆಲವು ತಿಂಗಳಿಗೆ ಒಂದು ಪುಟ್ಟ ಕೋಶವನ್ನು ಮೇಲಕ್ಕೆ ಕಳಿಸಿ ಸಮುದ್ರದಿಂದ ಎತ್ತಿ ತಂದರು. 2014ರಲ್ಲಿ ದೊಡ್ಡ ಕೋಶದ ಪರೀಕ್ಷೆಯಾಯಿತು. ಪೂರ್ತಿ ಯೋಜನೆಗೆ ಹಣದ ಮಂಜೂರಾತಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ 2018ರ ಆಗಸ್ಟ್ 15ರಂದು ಕೆಂಪು ಕೋಟೆಯ ಮೇಲಿಂದ ಪ್ರಧಾನಿ ಮೋದಿ 2022ರೊಳಗೆ ಭಾರತೀಯರು ನಮ್ಮದೇ ವಾಹನದಲ್ಲಿ ಹೋಗುತ್ತಾರೆ ಎಂದು ಸಾರಿದರು. ಡಿಸೆಂಬರಿನಲ್ಲಿ ಸಂಪುಟ 9,023 ಕೋಟಿ ರೂಪಾಯಿ ಮಂಜೂರು ಮಾಡಿತು. 2019ರ ಜನವರಿ 30ರಂದು ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಉದ್ಘಾಟನೆಯಾಯಿತು. ಪತ್ರಿಕೆಗಳು ಕೆಂಪು ಕೋಟೆಯ ಭಾಷಣವನ್ನು ದೊಡ್ಡದಾಗಿ ಹಾಕಿದವು. ನಾನು ಕತ್ತರಿಸಿ ಇಟ್ಟುಕೊಂಡದ್ದು ಕೇಂದ್ರ ಉದ್ಘಾಟನೆಯ ಚಿಕ್ಕ ಸುದ್ದಿ. ಮನುಷ್ಯಯಾನಕ್ಕೆ ಮೊದಲ ಸಲ ಒಂದು ಬೋರ್ಡು, ಒಂದು ವಿಳಾಸ, ಒಬ್ಬ ನಿರ್ದೇಶಕ.

ಅದಾದ ಮೂರು ವಾರಕ್ಕೆ ನಮ್ಮ ಕಾಡಿಗೆ ಬೆಂಕಿ ಬಿತ್ತು. ಫೆಬ್ರವರಿಯ ಒಣಗಾಳಿ, ಆಳೆತ್ತರದ ಲಂಟಾನ. ಗೋಪಾಲಸ್ವಾಮಿ ಬೆಟ್ಟದ ಕಡೆ ಹಗಲೇ ಕಪ್ಪಾಯಿತು. ನಿವೃತ್ತನಾಗಿದ್ದರೂ ಮನೆಯಲ್ಲಿ ಕೂರಲಾಗದೆ ಹೋಗಿ ನೀರಿನ ಕ್ಯಾನು ಹೊತ್ತವರಲ್ಲಿ ನಾನೂ ಒಬ್ಬ. ಸೊಪ್ಪಿನ ಕೊಂಬೆಯಲ್ಲಿ ಬಡಿದು ಬೆಂಕಿ ಆರಿಸುವ ಹುಡುಗರ ತಲೆಯ ಮೇಲೆ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದು ಹೋಗುತ್ತಿತ್ತು. ಎಷ್ಟು ಸುಟ್ಟಿತೆಂಬ ಲೆಕ್ಕದಲ್ಲಿ ಎಂದಿನಂತೆ ಜಗಳ. ಕೊನೆಗೆ ಇಸ್ರೊದ ದೂರಸಂವೇದಿ ಕೇಂದ್ರ ಉಪಗ್ರಹದ ಚಿತ್ರ ನೋಡಿ ಸುಮಾರು 4,400 ಹೆಕ್ಟೇರ್ ಎಂದು ಹೇಳಿತು. ಸಾರಾಭಾಯಿ ಹೇಳಿದ ಬಾಹ್ಯಾಕಾಶ ಇದು. ಕಾಡಂಚಿನವನಿಗೆ ಗಗನಯಾತ್ರಿಗಿಂತ ಈ ಚಿತ್ರ ಹೆಚ್ಚು ಬೇಕಾದದ್ದು, ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಎರಡೂ ಬೇಕೆಂದರೆ ಎರಡಕ್ಕೂ ಬೇರೆ ಬೇರೆ ಹಣ ಇರಬೇಕು, ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುವಂತಿರಬಾರದು.

2023ರ ಏಪ್ರಿಲ್ 9ರಂದು, ಹುಲಿ ಯೋಜನೆಗೆ ಐವತ್ತು ತುಂಬಿತೆಂದು, ಮೋದಿ ಬಂಡೀಪುರಕ್ಕೆ ಬಂದರು. ಟೋಪಿ ಹಾಕಿ ತೆರೆದ ಜೀಪಿನಲ್ಲಿ ಸಫಾರಿ ಮಾಡಿದರು. ಮೈಸೂರಿನಲ್ಲಿ ಹುಲಿ ಗಣತಿ ಬಿಡುಗಡೆಯಾಯಿತು: ಕನಿಷ್ಠ 3,167. ವಿಧಾನಸಭೆ ಚುನಾವಣೆಗೆ ಒಂದು ತಿಂಗಳಿತ್ತು, ಹಾಗಾಗಿ ಹುಲಿ ಯಾರದು ಎಂಬ ಚರ್ಚೆಯೂ ಎದ್ದಿತು. ಇಂದಿರಾ ತೆರೆದ ಕಡತದ ಚಿನ್ನದ ಹಬ್ಬವನ್ನು ಅವರ ಪಕ್ಷದ ಎದುರಾಳಿ ಬಂದು ಆಚರಿಸಿದರು ಎಂಬುದೇ ನನಗೆ ಹಿಡಿಸಿತು. ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ಬದಲಾಯಿತು. ಜೂನಿನಲ್ಲಿ ಮೋದಿ ಅಮೆರಿಕಕ್ಕೆ ಹೋದಾಗ ಭಾರತ ಬಾಹ್ಯಾಕಾಶ ಸಹಕಾರದ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿತು, ಭಾರತೀಯನೊಬ್ಬನನ್ನು ನಿಲ್ದಾಣಕ್ಕೆ ಕಳಿಸುವ ಮಾತು ಬೈಡನ್ ಜೊತೆಗಿನ ಜಂಟಿ ಹೇಳಿಕೆಯಲ್ಲಿ ಬಂತು. ಆ ಮಾತು ನೆರವೇರಿದ್ದು ಬೈಡನ್ ಇಳಿದು ಟ್ರಂಪ್ ಬಂದ ಮೇಲೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೊರಟರು. 1993ರಲ್ಲಿ ಒಂದು ಮತದಿಂದ ಉಳಿದಿತ್ತಲ್ಲ, ಆ ನಿಲ್ದಾಣದಲ್ಲೇ ಇದ್ದು ಜುಲೈ 15ಕ್ಕೆ ಇಳಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಸಿದ್ಧಮಾಡಿದ ಮೆಂತೆ, ಹೆಸರುಕಾಳನ್ನು ಅವರು ಅಲ್ಲಿ ಮೊಳಕೆ ಬರಿಸಿದರು. ಅಧ್ಯಕ್ಷರು ಬದಲಾದರೂ ಸೀಟು ಉಳಿಯಿತು, ಭಟ್ಟರಿಗೆ ಆಗಿದ್ದು ಶುಕ್ಲಾ ಅವರಿಗೆ ಆಗಲಿಲ್ಲ. ಈ ಸಲ ಮಧ್ಯೆ ಬರೆದ ಒಪ್ಪಂದವಿತ್ತು, ಕಟ್ಟಿದ ಹಣವಿತ್ತು, ಬೆಂಗಳೂರಿನಲ್ಲಿ ಬೆನ್ನು ಹತ್ತುವ ಕಚೇರಿಯಿತ್ತು.

ಕೆಂಪು ಕೋಟೆಯಿಂದ ಸಾರಿದ ನಮ್ಮದೇ ವಾಹನದ ಯಾನ, ಗಗನಯಾನ, ಮಾತ್ರ ಇನ್ನೂ ಹಾದಿಯಲ್ಲಿದೆ. 2022 ಎಂದದ್ದು ಮುಂದೆ ಮುಂದೆ ಹೋಗಿ, ಮನುಷ್ಯರ ಯಾನಕ್ಕೆ 2027 ಎಂಬ ಮಾತು ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಸಂಪುಟ ಯೋಜನೆಯನ್ನು ಹಿಗ್ಗಿಸಿ 20,193 ಕೋಟಿ ಮಾಡಿತು, ನಮ್ಮದೇ ನಿಲ್ದಾಣದ ಮೊದಲ ಭಾಗವನ್ನೂ ಅದರಲ್ಲಿ ಸೇರಿಸಿತು. ನಿಲ್ದಾಣ 2035ಕ್ಕೆ, ಚಂದ್ರನ ಮೇಲೆ ಭಾರತೀಯ 2040ಕ್ಕೆ ಎನ್ನುತ್ತಾರೆ. ತಡವಾಯಿತೆಂದು ಹಂಗಿಸುವವರ ಜೊತೆ ನಾನು ಸೇರುವುದಿಲ್ಲ. ಬಂಡೀಪುರದಲ್ಲಿ ಹುಲಿ ಹೆಚ್ಚಲು ಎಷ್ಟು ವರ್ಷ ಹಿಡಿಯಿತೆಂದು ಕಂಡವನು ನಾನು. ನನ್ನ ಅನುಮಾನ ಬೇರೆ. 2018ರಿಂದ ಇಲ್ಲಿಯವರೆಗೆ ದೆಹಲಿಯಲ್ಲಿ ಇರುವುದು ಒಬ್ಬರೇ ಪ್ರಧಾನಿ. ಗಗನಯಾನಕ್ಕೆ 1977 ಇನ್ನೂ ಬಂದಿಲ್ಲ. ಹುಲಿಗಿದ್ದಂಥ ಕಾಯ್ದೆಯೂ ಅದಕ್ಕಿಲ್ಲ, ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲೇ ಜನರ ಅಭಿಪ್ರಾಯಕ್ಕೆ ಬಂದಿತ್ತು, ಸಂಸತ್ತಿನಲ್ಲಿ ಪಾಸಾಗಿಲ್ಲ. ಸಂಪುಟದ ಮಂಜೂರಾತಿಯನ್ನು ಇನ್ನೊಂದು ಸಂಪುಟ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು.

ನಿಲ್ದಾಣದ ವರ್ಷ ಬರುವಷ್ಟರಲ್ಲಿ, ಎಲ್ಲ ಹೊತ್ತಿಗೆ ಸರಿಯಾಗಿ ನಡೆದರೆ, 2029ರದೊಂದು, 2034ರದೊಂದು ಲೋಕಸಭೆ ಚುನಾವಣೆ ಮುಗಿದಿರುತ್ತದೆ. ಚಂದ್ರನ ವರ್ಷಕ್ಕೆ ಇನ್ನೊಂದು. ಅವುಗಳಲ್ಲಿ ಯಾವುದಾದರೊಂದರ ಮರು ಏಪ್ರಿಲ್‌ನಲ್ಲಿ ಹೊಸ ಸರ್ಕಾರದ ಮುಂದೆ ಈ ಕಡತ ಹೋಗುತ್ತದೆ. ಆಗ ಅದರ ಬೆನ್ನಿಗೆ ಎಷ್ಟು ಜನ ಕಾಯಂ ನೌಕರರಿರುತ್ತಾರೆ, ತುಮಕೂರು ಪೀಣ್ಯಗಳ ಎಷ್ಟು ವರ್ಕ್‌ಶಾಪುಗಳಿಗೆ ಅದರ ಆರ್ಡರ್ ಇರುತ್ತದೆ, ಮೈಸೂರಿನ ಆಹಾರ ಪ್ರಯೋಗಾಲಯದಲ್ಲಿ ಅದಕ್ಕೆಂದೇ ಎಷ್ಟು ಮಂದಿ ಇಡ್ಲಿ ಒಣಗಿಸುತ್ತಿರುತ್ತಾರೆ ಎಂಬುದನ್ನು ನೋಡಬೇಕು.